ಸಾಕ್ಷಿ ಹತ್ತಿದ ಬಸ್ಸು

ಹೋದ ತಿಂಗಳು ಎರಡನೇ ಶನಿವಾರ ಮತ್ತು ಭಾನುವಾರ ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ನಾಲ್ಕೂ ಸುತ್ತಿ ಬಂದೆ. ಬೈಕು ದಾವಣಗೆರೆಯ ಗೆಳೆಯನದು, ಪೆಟ್ರೋಲು ನಂದು. ಈ ನಾಲ್ಕರಲ್ಲಿ ಒಂದು ನಾನು ಹುಟ್ಟಿ ಬೆಳೆದ ತಾಲ್ಲೂಕು. ಯಾವುದು ಅಂತ ಮಾತ್ರ ಹೇಳಲ್ಲ.

"ವೀಕೆಂಡಿಗೆ ಚಿಕ್ಕಮಗಳೂರು ಬಿಟ್ಟು ಜಗಳೂರಾ?" ಅಂತ ಟೀಮಿನವರು ನಕ್ಕರು. ಬೆಣ್ಣೆ ದೋಸೆಗೆ ಹೋಗ್ತಿದ್ದೀನಿ ಅಂದೆ. ಪೂರ್ತಿ ಸುಳ್ಳೇನಲ್ಲ, ಶನಿವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಇಳಿದವನು ಎರಡು ದೋಸೆ ತಿಂದೇ ಬೈಕ್ ಹತ್ತಿದ್ದು. ನಿಜವಾದ ಕಾರಣ ನಮ್ಮೂರಿನ ಟೀ ಅಂಗಡಿ ದೊಡ್ಡಮ್ಮ. 2006ರಲ್ಲಿ ಅವರ ಕೇಸಿಗೆ ನಾನು ಸಾಕ್ಷಿ. ನನಗೆ ಆಗ 11 ವರ್ಷ.

ಸ್ಕೂಲು ಬಿಟ್ಟು ಬರುವಾಗ ಕಣ್ಣೆದುರೇ ನಡೆದದ್ದು. ದಾರಿ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ನಾವು ಮಾವ ಅಂತ ಕರೆಯುತ್ತಿದ್ದವರೊಬ್ಬರು ದೊಣ್ಣೆ ಎತ್ತಿ ಹೊಡೆದರು. ದೊಡ್ಡಮ್ಮನ ಹಣೆ ಒಡೆಯಿತು, ಆರು ಹೊಲಿಗೆ. ಅಲ್ಲಿದ್ದದ್ದು ನಾನೊಬ್ಬನೇ. ಪೊಲೀಸರು ಕೇಳಿದಾಗ ಕಂಡದ್ದು ಕಂಡಂಗೆ ಹೇಳಿದೆ.

ತಾಲ್ಲೂಕಿನ ಕೋರ್ಟಿಗೆ ಸಮನ್ಸ್ ಬಂದ ದಿನ ಅಪ್ಪ ನನ್ನನ್ನು ಕರೆದುಕೊಂಡು ಹೊರಟರು. ಊರಿಗೆ ಬೆಳಿಗ್ಗೆ ಇದ್ದದ್ದು ಒಂದೇ ಪ್ರೈವೇಟ್ ಬಸ್ಸು. ದೊಡ್ಡಮ್ಮ ಮುಂದಿನ ಲೇಡೀಸ್ ಸೀಟಿನಲ್ಲಿ. ಹಿಂದೆ ಅಪ್ಪ, ನಾನು. ಮುಂದಿನ ಸ್ಟಾಪಿನಲ್ಲಿ ಮಾವ ಹತ್ತಿ ನಮ್ಮ ಪಕ್ಕದಲ್ಲೇ ಕೂತರು. ಕಂಡಕ್ಟರ್ ಬಂದಾಗ ಮೂರೂ ಟಿಕೆಟ್ ಅವರೇ ತೆಗೆದರು. "ಚೆನ್ನಾಗಿ ಓದ್ತಿದ್ದೀಯಾ?" ಅಂದರು. ಜೇಬಿನಿಂದ ಶೇಂಗಾ ತೆಗೆದು ಕೈಗೆ ಹಾಕಿದರು. ಬೈಯಲಿಲ್ಲ, ಹೆದರಿಸಲಿಲ್ಲ. ಅಪ್ಪ ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ನಾವು ಉಳುತ್ತಿದ್ದ ಎರಡು ಎಕರೆ ಮಾವನ ಜಮೀನು.

ಕೋರ್ಟಿನ ವರಾಂಡದಲ್ಲೂ ಒಂದೇ ಬೆಂಚು. ಹೆಸರು ಕೂಗಿದಾಗ ಒಳಗೆ ಹೋದೆ. ನ್ಯಾಯಾಧೀಶರು ಒಳ್ಳೆಯವರು. ಯಾವ ಕ್ಲಾಸು, ಮೇಷ್ಟ್ರ ಹೆಸರೇನು, ಸುಳ್ಳು ಹೇಳಬಹುದಾ ಅಂತ ಕೇಳಿದರು. ಪ್ರಮಾಣ ಮಾಡಿಸಲಿಲ್ಲ. 1969ರ ಪ್ರಮಾಣಗಳ ಕಾಯ್ದೆಯ ಪ್ರಕಾರ, 12 ವರ್ಷದೊಳಗಿನ ಮಗುವಿಗೆ ನಿಜ ಹೇಳಬೇಕು ಅನ್ನೋದು ಗೊತ್ತಿದ್ದು, ಪ್ರಮಾಣ ಅಂದರೇನು ಅಂತ ಗೊತ್ತಿಲ್ಲ ಅನ್ನಿಸಿದರೆ ಅದು ಬೇಕಿಲ್ಲ ಅಂತ ಆಮೇಲೆ ಓದಿ ತಿಳಿದೆ. ಸರ್ಕಾರಿ ವಕೀಲರು "ಅವತ್ತು ಏನು ನೋಡಿದೆ?" ಅಂದರು. ಐದು ಅಡಿ ದೂರದಲ್ಲಿ ಮಾವ ಕೈಕಟ್ಟಿ ನಿಂತಿದ್ದರು. ನನ್ನ ಚಡ್ಡಿ ಜೇಬಿನಲ್ಲಿ ಇನ್ನೂ ಶೇಂಗಾ ಇತ್ತು.

"ನಾನು ನೋಡಿಲ್ಲ" ಅಂದೆ.

ವಕೀಲರು ನ್ಯಾಯಾಧೀಶರ ಕಡೆ ತಿರುಗಿ ಏನೋ ಇಂಗ್ಲಿಷಿನಲ್ಲಿ ಹೇಳಿದರು. ಅದರಲ್ಲಿ 'ಹಾಸ್ಟೈಲ್' ಅನ್ನೋ ಪದ ಕೇಳಿಸಿತು. ನನ್ನನ್ನು ಹಾಸ್ಟೆಲಿಗೆ ಹಾಕುತ್ತಾರೆ ಅಂದುಕೊಂಡು ಅಲ್ಲೇ ಅತ್ತುಬಿಟ್ಟೆ. ಪ್ರತಿಕೂಲ ಸಾಕ್ಷಿ ಅಂದರೇನು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಕೇಸು ಬಿದ್ದುಹೋಯಿತು.

ಇರಲಿ, ಪ್ರವಾಸಕ್ಕೆ ಬರೋಣ.

ಈ ನಾಲ್ಕು ಊರು ಒಂದೇ ಜಿಲ್ಲೆ ಅಂದರೆ ನೋಡಿದವರು ನಂಬಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆಗಿದ್ದು 2018ರಲ್ಲಿ. ಜಗಳೂರಿನ ರಸ್ತೆಯಲ್ಲಿ ಮೆಕ್ಕೆಜೋಳ, ಜಾಲಿ, ಬಿಸಿಲು. ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ ಅಂತ ಆಸೆಯಿಂದ ಹೋದೆ. ಒಂದೂ ಕಾಣಲಿಲ್ಲ, ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬರುವಷ್ಟು ದಡ್ಡ ಪ್ರಾಣಿ ನಾನೊಬ್ಬನೇ. ಸಂಜೆ ಹೊನ್ನಾಳಿಗೆ ಬಂದರೆ ತುಂಗಭದ್ರೆ, ಗದ್ದೆ, ಸೊಳ್ಳೆ.

ಪ್ರತಿ ಊರಿನಲ್ಲೂ ಕೋರ್ಟ್ ಎಲ್ಲಿ ಅಂತ ಕೇಳುವ ಮೊದಲು ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಐಟಿಯವನಿಗೆ ರಜೆ ಸಿಗುವ ದಿನವೇ ಕೋರ್ಟಿಗೂ ರಜೆ, ಹಾಗಾಗಿ ಒಳಗೆ ಹೋಗುವ ಪ್ರಶ್ನೆ ಇರಲಿಲ್ಲ. ನನಗೆ ನೋಡಬೇಕಿದ್ದದ್ದು ಬಸ್ ಸ್ಟ್ಯಾಂಡೇ.

ಯಾಕಂದರೆ ಕೋಣೆಯ ಒಳಗಿನ ವ್ಯವಸ್ಥೆ ಈ 19 ವರ್ಷದಲ್ಲಿ ಸಾಕಷ್ಟು ಬದಲಾಗಿದೆ, ಕಡೇಪಕ್ಷ ಕಾನೂನಿನಲ್ಲಿ. ಸಾಕ್ಷಿಗೆ ಆರೋಪಿ ಕಾಣದ ಹಾಗೆ ಪರದೆ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು, ಆಗ ಅದು ಲೈಂಗಿಕ ಅಪರಾಧದ ಕೇಸುಗಳಿಗೆ. 2012ರ ಪೋಕ್ಸೊ ಕಾಯ್ದೆ ಅದನ್ನು ಮಕ್ಕಳ ಹಕ್ಕು ಮಾಡಿತು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಪ್ರಶ್ನೆ ನ್ಯಾಯಾಧೀಶರ ಮೂಲಕ ಹೋಗಬೇಕು. ನಡುನಡುವೆ ಬಿಡುವು ಕೊಡಬೇಕು. ಮಗುವಿಗೆ ಆರೋಪಿ ಕಾಣಬಾರದು, ಆದರೆ ಆರೋಪಿಗೆ ಹೇಳಿಕೆ ಕೇಳಿಸಬೇಕು, ತನ್ನ ವಕೀಲರ ಜೊತೆ ಮಾತಾಡಲೂ ಆಗಬೇಕು. ಈ ಕೊನೆಯದು ನನಗೆ ಬಹಳ ಸರಿ ಅನ್ನಿಸಿತು. ಅವನ ಮೇಲಿನದು ಆರೋಪ ಮಾತ್ರ, ಇನ್ನೂ ಸಾಬೀತಾಗಿಲ್ಲವಲ್ಲ.

ಆಮೇಲೆ 2022ರ ಜನವರಿ 11ರ ಆದೇಶ. ದುರ್ಬಲ ಸಾಕ್ಷಿಗಳ ಹೇಳಿಕೆಗೆ ಪ್ರತ್ಯೇಕ ಕೇಂದ್ರಗಳ ಯೋಜನೆಯನ್ನು ಎಲ್ಲ ಹೈಕೋರ್ಟುಗಳೂ ಅಳವಡಿಸಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿ, ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿಗೆ ಉಸ್ತುವಾರಿ ಕೊಟ್ಟಿತು. ಯಾರು ದುರ್ಬಲ ಸಾಕ್ಷಿ? ಮಕ್ಕಳಷ್ಟೇ ಅಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವ ವಯಸ್ಸಿನವರೂ, ಹೆಣ್ಣಾಗಲಿ ಗಂಡಾಗಲಿ. ಮಾತು ಬಾರದವರು, ಕಿವಿ ಕೇಳದವರು, ಮಾನಸಿಕ ಕಾಯಿಲೆ ಇರುವವರು, ಬೆದರಿಕೆ ಇರುವವರು, ಕೊನೆಗೆ ಕೋರ್ಟಿಗೆ ದುರ್ಬಲ ಅನ್ನಿಸಿದ ಯಾರೇ ಆದರೂ. ನಮ್ಮ ಆಫೀಸಿನಲ್ಲಿ ಯೂಸರ್ ಫ್ಲೋ ಬರೆಯುವ ಹಾಗೆ ಸಾಕ್ಷಿಯ ದಾರಿಯನ್ನು ಯೋಚಿಸಿದ್ದಾರೆ: ಒಳಗೆ ಬರಲು ಬೇರೆ ಬಾಗಿಲು, ಕಾಯಲು ಬೇರೆ ಕೋಣೆ, ಜೊತೆಗೆ ಧೈರ್ಯಕ್ಕೊಬ್ಬರು, ವಿಡಿಯೋದಲ್ಲಿ ಹೇಳಿಕೆ.

ಆದರೆ ಫ್ಲೋ ಶುರುವಾಗೋದು ಕೋರ್ಟಿನ ಗೇಟಿನಿಂದ. ನನ್ನದು ಕೆಟ್ಟದ್ದು ಬಸ್ಸಿನಲ್ಲಿ.

ಬೆಂಗಳೂರಿನಲ್ಲಿ ಸಾಕ್ಷಿ ಹೇಳಿದವನು ಮೆಟ್ರೋ ಹತ್ತಿ ಜನರಲ್ಲಿ ಕಳೆದುಹೋಗಬಹುದು. ತಾಲ್ಲೂಕಿನಲ್ಲಿ ಹಾಗಿಲ್ಲ. ಬಸ್ಸು ಒಂದೇ, ಟೀ ಕುಡಿಯುವ ಹೋಟೆಲ್ ಒಂದೇ. ಕೂಲಿ ಕೊಡುವವನೂ ಸಾಲ ಕೊಟ್ಟವನೂ ಮದುವೆಗೆ ಕರೆಯುವವನೂ ಒಬ್ಬನೇ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಹೆಂಗಸರು ಹತ್ತು ಜನ ಒಂದೇ ಟೆಂಪೋದಲ್ಲಿ ಹೋಗುತ್ತಿದ್ದರು. ಅವರಲ್ಲೊಬ್ಬರು ಮಾಲೀಕನ ವಿರುದ್ಧ ಸಾಕ್ಷಿ ಹೇಳಬೇಕಾಗಿ ಬಂದರೆ ಮಾರನೇ ದಿನ ಆ ಟೆಂಪೋ ಅವರಿಗಾಗಿ ನಿಲ್ಲುತ್ತಾ ಅಂತ ಯೋಚನೆ ಬಂತು. 2018ರ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಪೊಲೀಸರು ಬೆದರಿಕೆ ಎಷ್ಟಿದೆ ಅಂತ ವರದಿ ಕೊಡುತ್ತಾರೆ. ಆದರೆ ಅದು ಹೆಚ್ಚಾಗಿ ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ದೊಡ್ಡ ಕೇಸುಗಳಿಗೆ. ದೊಡ್ಡಮ್ಮನ ಕೇಸು ಮೂರು ವರ್ಷದವರೆಗಿನದು. ಅಲ್ಲದೆ ಅರ್ಜಿಯಲ್ಲಿ ಏನಂತ ಬರೆಯೋದು? 'ಶೇಂಗಾ ಕೊಟ್ಟರು' ಅಂತಲಾ?

ನ್ಯಾಮತಿ ಹತ್ತಿರ ಸೂರಗೊಂಡನಕೊಪ್ಪಕ್ಕೂ ಹೋಗಿದ್ದೆ, ಬಂಜಾರರ ಸೇವಾಲಾಲರು ಹುಟ್ಟಿದ ಜಾಗ. ಅಲ್ಲೊಂದು ಎಂಟು ವರ್ಷದ ಹುಡುಗಿ ಅಜ್ಜಿಗೆ ಲಂಬಾಣಿ ಮಾತಿನಲ್ಲಿ ಏನೋ ದೊಡ್ಡ ಕಥೆ ಹೇಳುತ್ತಿತ್ತು, ಕೈ ಬಾಯಿ ಎಲ್ಲ ಕುಣಿಸಿಕೊಂಡು. ನಾನು ಕನ್ನಡದಲ್ಲಿ "ಏನಾಯ್ತು ಪುಟ್ಟಿ?" ಅಂದೆ. "ಏನಿಲ್ಲ" ಅಂತು. ಕಥೆ ಅಲ್ಲಿಗೇ ನಿಂತಿತು. ಪೋಕ್ಸೊದ 38ನೇ ಸೆಕ್ಷನ್ ಇಂಥ ಮಗುವಿಗೆ ದುಭಾಷಿ ಕೊಡಲು ಹೇಳುತ್ತದೆ. ಕೇಳಬೇಕು ಅಂತ ಮನೆಯವರಿಗೆ ಗೊತ್ತಿರಬೇಕಷ್ಟೆ. ಉಚಿತ ಕಾನೂನು ನೆರವಿಗೆ 15100, ಮಕ್ಕಳಿಗೆ 1098. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. ಫೋನಿನಲ್ಲಿ ಇದನ್ನು ಓದುತ್ತಿರುವವರು ನಂಬರ್ ಸೇವ್ ಮಾಡಿಕೊಂಡರೆ ನಷ್ಟವಿಲ್ಲ.

ಊರಿನ ಹೆಸರು ಯಾಕೆ ಹೇಳಲಿಲ್ಲ ಅಂತ ಈಗ ಹೇಳಬಹುದು. ಪೋಕ್ಸೊದಲ್ಲಿ ಮಗುವಿನ ಗುರುತು ಅಂದರೆ ಹೆಸರಷ್ಟೇ ಅಲ್ಲ. ಮನೆಯವರು, ಶಾಲೆ, ನೆಂಟರು, ನೆರೆಹೊರೆ ಎಲ್ಲ ಸೇರಿ. ನಮ್ಮದು ಆ ಕಾಯ್ದೆಯ ಕೇಸಲ್ಲ, ಆದರೆ ದೊಡ್ಡಮ್ಮ ಇವತ್ತಿಗೂ ಆ ಮನೆಗೆ ನಾಲ್ಕು ಮನೆ ಆಚೆಯೇ ಇದ್ದಾರೆ.

ಆ ಎರಡು ದಿನದ ಯಾವುದೋ ಹೊತ್ತಿನಲ್ಲಿ ಅವರ ಅಂಗಡಿಗೆ ಹೋದೆ. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಣೆಯ ಮೇಲಿನ ಗೆರೆ ಹಾಗೇ ಇದೆ. ಹೇಳಬೇಕು ಅಂದುಕೊಂಡು ಬಂದದ್ದನ್ನು ಟೀ ಆರುವವರೆಗೆ ಹೇಳಲಾಗಲಿಲ್ಲ. ಆಮೇಲೆ ಹೇಳಿದೆ.

"ಗೊತ್ತಿತ್ತು ಬಿಡಪ್ಪ" ಅಂದರು ಲೋಟ ತೊಳೆಯುತ್ತಾ. "ಬಸ್ಸಲ್ಲಿ ಅವನು 'ಮೂರು ಟಿಕೆಟ್ ಕೊಡು' ಅಂದನಲ್ಲ, ನಂಗೆ ಅವಾಗ್ಲೇ ಗೊತ್ತಾಯ್ತು. ಹಸುಗೂಸು, ನೀನೇನು ಮಾಡ್ತೀಯ. ನಿಮ್ಮಪ್ಪನ ಮ್ಯಾಲೆ ಮಾತ್ರ ಭಾಳ ದಿನ ಸಿಟ್ಟಿತ್ತು."

ಈಗ ಮಕ್ಕಳಿಗೆ ಬೇರೆ ಬಾಗಿಲು, ಬೇರೆ ಕೋಣೆ ಅಂತೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಬಸ್ಸು?"

"ಬಸ್ಸು ಅದೇ ದೊಡ್ಡಮ್ಮ."

ಟೀ ದುಡ್ಡು ಕೊಡಲು ಹೋದರೆ "ಇರ್ಲಿ ಇಡು, ಮನೆ ಮಗ" ಅಂತ ಕೈ ತಳ್ಳಿದರು. ಅವರು ಒಳಗೆ ಹೋದಾಗ ಬಿಸ್ಕತ್ತಿನ ಡಬ್ಬಿ ಕೆಳಗೆ ಇಪ್ಪತ್ತು ರೂಪಾಯಿ ಇಟ್ಟು ಬೈಕ್ ಸ್ಟಾರ್ಟ್ ಮಾಡಿದೆ.