ಭರ್ಜಿಯೂ ಬಂದೂಕೂ

ಕಳೆದ ಬೇಸಗೆ ರಜೆಯಲ್ಲಿ ನಾನೂ ತಮ್ಮನೂ ಊಟದ ಮೇಜಿನ ಮೇಲೆ ಯುದ್ಧದಾಟ ಹೂಡಿದೆವು. 1643ರ ಮೇ 19ರಂದು ಫ್ರೆಂಚರು ಸ್ಪೇನಿನ ಸೇನೆಯನ್ನು ಸೋಲಿಸಿದ ರೊಕ್ರುವಾ ಕಾಳಗವೇ ನಮಗೆ ಮಾದರಿ. ಹುಣಿಸೆ ಬೀಜಗಳು ಬಂದೂಕಿನವರು, ಬೆಂಕಿಕಡ್ಡಿಗಳು ಭರ್ಜಿಯವರು, ಕವಡೆಗಳು ಕುದುರೆ ಸವಾರರು.

ನಿಯಮ ಬರೆದವನು ನಾನು. ಬಂದೂಕಿನವರು ಪ್ರತಿ ಸರದಿಯಲ್ಲೂ ಗುಂಡು ಹಾರಿಸಬಹುದು. ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ಎದುರಾಳಿಯ ಒಬ್ಬ ಸತ್ತಂತೆ. ಬಂದೂಕುಗಳನ್ನೆಲ್ಲ ನಾನೇ ಇಟ್ಟುಕೊಂಡು ಭರ್ಜಿಗಳನ್ನು ತಮ್ಮನಿಗೆ ಕೊಟ್ಟೆ. ಮೂರು ದಿನವೂ ಗೆದ್ದೆ. ನಾಲ್ಕನೆಯ ದಿನ ಅವನು, "ಅಣ್ಣಾ, ಭರ್ಜಿಯಿಂದ ಪ್ರಯೋಜನವೇ ಇಲ್ಲದಿದ್ದರೆ ಅವರು ಅದನ್ನು ಯಾಕೆ ಹೊತ್ತುಕೊಂಡು ಹೋಗುತ್ತಿದ್ದರು?" ಎಂದು ಕೇಳಿ, ಕಣ್ಣೊರೆಸುತ್ತ ಎದ್ದು ಹೋದ. ನನಗೆ ಉತ್ತರ ತೋಚಲಿಲ್ಲ.

ಚರಿತ್ರೆಯ ಪುಸ್ತಕ ತೆರೆದೆ. ಆ ಕಾಲದ ಬಂದೂಕಿಗೆ ಮದ್ದು ಗುಂಡು ತುಂಬಿ, ಉರಿಯುವ ಬತ್ತಿಯಿಂದ ಹೊತ್ತಿಸಬೇಕಿತ್ತು. ಒಮ್ಮೆ ಹಾರಿಸಿದ ಮೇಲೆ ಮತ್ತೆ ತುಂಬಲು ಬಹಳ ಹೊತ್ತು. ಅಷ್ಟರಲ್ಲಿ ಕುದುರೆಗಳು ನುಗ್ಗಿದರೆ ತಡೆಯುವವರು ಸುಮಾರು 16 ಅಡಿ ಉದ್ದದ ಭರ್ಜಿಯವರೇ. ಅದಕ್ಕೆಂದೇ ಎರಡೂ ಸೇನೆಗಳಲ್ಲಿ ಇಬ್ಬರೂ ಜೊತೆಯಾಗಿ ನಿಲ್ಲುತ್ತಿದ್ದರು.

ನಿಯಮ ತಿದ್ದಿದೆ. ಗುಂಡು ಹಾರಿಸಿದವರು ಮುಂದಿನ ಸರದಿಯಲ್ಲಿ ಸುಮ್ಮನಿರಬೇಕು. ಭರ್ಜಿಯ ಸಾಲಿಗೆ ಎದುರಿನಿಂದ ಕುದುರೆ ನುಗ್ಗುವಂತಿಲ್ಲ. ಪಕ್ಕದಲ್ಲಿ ನಿಂತ ಬಂದೂಕಿನವರಿಗೂ ಆ ರಕ್ಷಣೆ ಉಂಟು. ಕಾಳು ಕಡ್ಡಿಗಳನ್ನು ಸಮವಾಗಿ ಹಂಚಿ ತಮ್ಮನನ್ನು ಕರೆದೆ. ಅವನು ಎರಡನ್ನೂ ಬೆರೆಸಿ ನಿಲ್ಲಿಸಿದ. ನಾನು ಹಳೆಯ ರೂಢಿಯಂತೆ ಬಂದೂಕಿನವರನ್ನಷ್ಟೇ ಮುಂದೆ ನೂಕಿದೆ. ಅವನ ಕವಡೆಗಳು ಅವರನ್ನು ಚೆಲ್ಲಾಪಿಲ್ಲಿ ಮಾಡಿದವು.

ಸೋಲಿನಿಂದ ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ನಿಯಮ ಬರೆಯುವವನು ತನ್ನ ಗೆಲುವನ್ನು ಅದರೊಳಗೆ ಬಚ್ಚಿಡಬಾರದೆಂದು ಅಂದು ತಮ್ಮನಿಂದ ಕಲಿತೆ.