ಓದದೆ ಕೊಟ್ಟ ಸಮ್ಮತಿ

ಲಿನಕ್ಸ್ ಗಣಕದಲ್ಲಿ ಬಹುತೇಕ ತಂತ್ರಾಂಶಗಳು ಸ್ವಯಂಪೂರ್ಣವಲ್ಲ. ಬಹುತೇಕ ಪ್ಯಾಕೇಜುಗಳು ತಮಗೆ ಆಧಾರವಾದ ಇತರ ಪ್ಯಾಕೇಜುಗಳನ್ನೂ, ಬೇಕಾದಲ್ಲಿ ಅವುಗಳ ಆವೃತ್ತಿಯನ್ನೂ ಹೆಸರಿಸಿರುತ್ತವೆ. ಗ್ನೋಮ್‌ನಂತಹ ಡೆಸ್ಕ್‌ಟಾಪಿನ ಸ್ಥಾಪನೆಗೆ ಇಂತಹ ನೂರಾರು ಪ್ಯಾಕೇಜುಗಳು ಪರಸ್ಪರ ಹೊಂದಿಕೊಳ್ಳಬೇಕು. ಹೊಂದದಿದ್ದಾಗ ‘ಆಪ್ಟ್’ ಎಂಬ ನಿರ್ವಾಹಕವು ಕೆಲವನ್ನು ತೆಗೆದುಹಾಕುವುದಾಗಿ ತಿಳಿಸಿ ಅನುಮತಿ ಕೇಳುವುದುಂಟು.

2021ರಲ್ಲಿ ಕೆನಡಾದ ವಿಡಿಯೊ ನಿರೂಪಕ ಲೈನಸ್ ಸೆಬಾಸ್ಟಿಯನ್ ಅವರು ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶವನ್ನು ಸ್ಥಾಪಿಸಹೊರಟರು. ಎಚ್ಚರಿಕೆ ಬಂದಿತು. ‘ಹೌದು, ಹೇಳಿದಂತೆ ಮಾಡು’ ಎಂದು ಬೆರಳಚ್ಚಿಸಿದೊಡನೆ ಡೆಸ್ಕ್‌ಟಾಪೇ ಅಳಿಸಿಹೋಯಿತು. ಮೂಲದೋಷ ಪ್ಯಾಕೇಜುಗಳದ್ದು, ಸಮ್ಮತಿ ಮಾತ್ರ ಮನುಷ್ಯನದು. ಅದೇ ವರ್ಷ ಆಪ್ಟ್ ಆ ವಾಕ್ಯದ ಅವಕಾಶವನ್ನೇ ಕೈಬಿಟ್ಟಿತು.

ಬೇರೆ ಬೇರೆ ಆವೃತ್ತಿಯ ಭಂಡಾರಗಳನ್ನು ಬೆರೆಸದೆ, ಪ್ಯಾಕೇಜುಗಳ ಪಟ್ಟಿಯನ್ನು ನವೀಕರಿಸಿ, ತೆಗೆಯಲ್ಪಡುವವುಗಳ ಹೆಸರನ್ನು ಓದಿದ ಬಳಿಕವೇ ಒಪ್ಪುವುದು ವಿವೇಕ. ಓದದೆ ರುಜು ಹಾಕಿದರೆ, ಪತ್ರ ಬರೆದವನ ತಪ್ಪೂ ರುಜು ಹಾಕಿದವನ ಲೆಕ್ಕಕ್ಕೇ ಖರ್ಚು ಬೀಳುತ್ತದೆ.