ನಡುವಿನಾಂವ

1996ರಲ್ಲಿ ನಾನು ಜಲಂಧರದ ಛಾವಣಿಯಲ್ಲಿದ್ದೆ. ನಮ್ಮ ಜೊತೆ ಬಂಗಾಳದ ಒಬ್ಬ ಹವಾಲ್ದಾರನಿದ್ದ, ಎಲ್ಲರೂ ಅವನನ್ನು ದಾದಾ ಅನ್ನುತ್ತಿದ್ದೆವು. ನಾನು ಕರ್ನಾಟಕದವನೆಂದು ತಿಳಿದ ದಿನ ಆತ ಊರು ಕೇಳಲಿಲ್ಲ, ಜಾತಿ ಕೇಳಲಿಲ್ಲ. 'ಹಂಗಾದರೆ ಚಾಪ್‌ಮನ್ ಗೊತ್ತಿರಬೇಕಲ್ಲ?' ಅಂದ. ಯಾವ ಚಾಪ್‌ಮನ್ ಅಂದೆ. ಬಾಗೇವಾಡಿಯಲ್ಲಿ ಹುಟ್ಟಿ ಬಸವಣ್ಣ ಯಾರು ಎಂದು ಕೇಳಿದವನನ್ನು ನೋಡುವ ಹಾಗೆ ದಾದಾ ನನ್ನನ್ನು ನೋಡಿದ.

ಈ ಕತೆ ನಮ್ಮ ಹೊಲದಲ್ಲಿ ಸೀತನಿ ಸುಡುವಾಗ ಹೇಳುವಂಥದ್ದು. ಹಿಂಗಾರಿ ಜೋಳ ಹಾಲು ತುಂಬಿದಾಗ ಇಂಡಿಯಿಂದ ತಂಗಿಯ ಮಕ್ಕಳು, ಸಿಂದಗಿಯಿಂದ ಬೀಗರ ಹುಡುಗರು ಮುದ್ದೇಬಿಹಾಳದ ಕಡೆಯ ನಮ್ಮ ತೋಟಕ್ಕೆ ಬರುತ್ತಾರೆ. ಕುಳ್ಳಿನ ಕೆಂಡದಲ್ಲಿ ತೆನೆ ಹೂತು, ಬಿಸಿಬಿಸಿ ಇರುವಾಗಲೇ ಬಡಿದು, ತೂರಿ, ಶೇಂಗಾ ಹಿಂಡಿ, ಮೊಸರು ಹಚ್ಚಿ ತಿನ್ನುತ್ತ ಕೂತರೆ ರಾತ್ರಿ ಎಷ್ಟಾಯಿತೆಂದು ಯಾರಿಗೂ ನೆನಪಿರುವುದಿಲ್ಲ. ದೊಡ್ಡವರು ಲಿಂಬಿಯ ದರ, ಆಲಮಟ್ಟಿಯ ನೀರು ಮಾತಾಡುತ್ತಾರೆ. ಹುಡುಗರು ಮಾತ್ರ 'ಮುತ್ಯಾ, ಆ ಫುಟ್‌ಬಾಲಿಂದು ಹೇಳು' ಎಂದು ಗಂಟುಬೀಳುತ್ತಾರೆ. ನಮ್ಮ ಕಡೆ ಕಬಡ್ಡಿ, ಕುಸ್ತಿ ನಡೆಯುವ ಊರುಗಳು. ಎರೆ ಹೊಲದ ನೆಲ ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಚೆಂಡೇ ಸಿಗಿಬೀಳುವಂಥ ಬಿರುಕು ಬಿಡುತ್ತದೆ. ಅಂಥಲ್ಲಿ ಫುಟ್‌ಬಾಲ್ ಬೆಳೆದಿದ್ದರೆ ಅದೇ ಆಶ್ಚರ್ಯ.

ರಜೆ ಮುಗಿಸಿ ಪಲ್ಟಣಕ್ಕೆ ಮರಳುವಾಗ ಇಂಡಿ ರೋಡ್ ದಾಟಿ ಸೊಲ್ಲಾಪುರದವರೆಗೆ ಆಗಿನ್ನೂ ಮೀಟರ್‌ಗೇಜ್ ಗಾಡಿ. ಅಲ್ಲಿಂದ ದೊಡ್ಡ ಗಾಡಿ ಹಿಡಿದು ಉತ್ತರಕ್ಕೆ. ಹಾಗೆ ಒಮ್ಮೆ ರಜೆಯಿಂದ ಹೋದ ಮೇಲೆ ದಾದಾ ನನ್ನನ್ನು ಬಿಡಲಿಲ್ಲ. 'ನಿಮ್ಮ ಹುಡುಗ ಇಲ್ಲೇ ಫಗವಾಡಾದಲ್ಲಿ ಆಡ್ತಿದ್ದಾನೆ, ನೋಡದಿದ್ದರೆ ಪಾಪ' ಎಂದು ಒಂದು ರವಿವಾರ ಬಸ್ಸು ಹತ್ತಿಸಿದ. ಅಲ್ಲಿ ಜೆಸಿಟಿ ಎಂಬ ಬಟ್ಟೆ ಗಿರಣಿ, ಆ ಗಿರಣಿಯದೇ ಒಂದು ಫುಟ್‌ಬಾಲ್ ತಂಡ. ಅವತ್ತು ಪಂದ್ಯವಿರಲಿಲ್ಲ, ಬರೀ ಅಭ್ಯಾಸ. ನನ್ನ ಮಟ್ಟಿಗೆ ಅದೇ ಒಳ್ಳೆಯದಾಯಿತು. ಪಂದ್ಯದಲ್ಲಿ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಅಭ್ಯಾಸದಲ್ಲಿ ಮನುಷ್ಯರು ಕಾಣುತ್ತಾರೆ.

ಮುಂದೆ ಇಬ್ಬರು. ಒಬ್ಬ ತ್ರಿಶ್ಶೂರಿನ ಐ.ಎಂ. ವಿಜಯನ್, ಸಣ್ಣವನಿದ್ದಾಗ ಅಲ್ಲಿನ ಕ್ರೀಡಾಂಗಣದಲ್ಲಿ ಸೋಡಾ ಮಾರಿಕೊಂಡಿದ್ದವನು. ಇನ್ನೊಬ್ಬ ಸಿಕ್ಕಿಮಿನ ಬೈಚುಂಗ್ ಭುಟಿಯಾ, ಆಗಿನ್ನೂ ಇಪ್ಪತ್ತರ ಎಳೆ ಹುಡುಗ. ಇವರಿಬ್ಬರ ಬೆನ್ನಿಗೆ, ನಡುವೆ, ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಆತ ತಲೆ ಎತ್ತಿ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ನೋಡಿಬಿಡುತ್ತಿದ್ದ. ಚೆಂಡು ಬಂದ ಮೇಲೆ ನೋಡುವ ಕೆಲಸವೇ ಉಳಿದಿರುತ್ತಿರಲಿಲ್ಲ. ಒಂದೇ ಒದೆತ. ಚೆಂಡು ಯಾರೂ ಇಲ್ಲದ ಜಾಗಕ್ಕೆ ಉರುಳಿ ಹೋಗುತ್ತಿತ್ತು. ನಾನು 'ಅಯ್ಯೋ, ಹಾಳಾಯಿತು' ಅನ್ನುವಷ್ಟರಲ್ಲಿ ಭುಟಿಯಾ ಅಲ್ಲಿ ಹಾಜರಿರುತ್ತಿದ್ದ.

ಇದನ್ನು ಹುಡುಗರಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಬೂದಿಯ ಮೇಲೆ ಮೂರು ತೆನೆ ಇಟ್ಟು, ಒಂದು ಬಾರೆಹಣ್ಣು ಉರುಳಿಸಿ ತೋರಿಸುತ್ತೇನೆ. 'ಇದು ವಿಜಯನ್, ಇದು ಭುಟಿಯಾ. ಇಂವ ನಡುವಿನಾಂವ.'

'ಹಂಗಾರ ನಡುವಿನಾಂವ ಗೋಲ್ ಹೊಡಿಯೂದ ಇಲ್ಲೇನ ಮುತ್ಯಾ?' ಎಂದು ಸಿಂದಗಿಯ ಹುಡುಗ ಪ್ರತಿ ಸಲ ಕೇಳುತ್ತಾನೆ. ಉತ್ತರ ಅವನಿಗೆ ಗೊತ್ತು. ಆದರೂ ನನ್ನ ಬಾಯಿಂದ ಕೇಳಬೇಕು.

ನಡುವಿನಾಂವ ಗೋಲು ಹೊಡೆದದ್ದನ್ನು ನಾನು ಕಂಡಿಲ್ಲ, ದಾದಾ ಹೇಳಿದ್ದು. ಚಾಪ್‌ಮನ್ 1993ರಲ್ಲಿ ಕೋಲ್ಕತಾದ ಈಸ್ಟ್ ಬೆಂಗಾಲ್ ಸೇರಿದ. ಆ ಸಲ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ಬಾಗ್ದಾದಿನ ಅಲ್ ಜವ್ರಾ. ಇರಾಕಿನವರೆಂದರೆ ಆಗ ನಮ್ಮ ಕ್ಲಬ್ಬುಗಳಿಗೆ ಎದೆ ನಡುಗುವ ಮಾತು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು, ಅದರಲ್ಲಿ ಮೂರು ಗೋಲು ಚಾಪ್‌ಮನ್‌ನವು. ದಾದಾ ಆ ಮೂರನ್ನೂ ಬ್ಯಾರಕ್ಕಿನಲ್ಲಿ ಬೂಟು ಹಾಕಿಕೊಂಡೇ ಹೊಡೆದು ತೋರಿಸುತ್ತಿದ್ದ. ಒಂದು ಸಲ ಸುಬೇದಾರ ಸಾಹೇಬರ ಟ್ರಂಕಿಗೇ ತಗುಲಿತು. ಈಸ್ಟ್ ಬೆಂಗಾಲ್ ಅವನ ಮನೆದೇವರು. 1950ರ ಸುಮಾರಿಗೆ ಆ ತಂಡದ ಮುಂಪಡೆಯ ಐವರನ್ನು ಪಂಚಪಾಂಡವರೆಂದು ಕರೆಯುತ್ತಿದ್ದರಂತೆ. ಅವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು, ಲಂಡನ್ ಒಲಿಂಪಿಕ್ಸಿಗೂ ಹೋಗಿ ಬಂದವರು. ಆ 1948ರಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ಗೋಲು ತಂದ ರಾಮನ್ ಕೂಡ ಬೆಂಗಳೂರಿನವರೇ; ತಂಡದ ಬಹುತೇಕ ಹುಡುಗರು ಬರಿಗಾಲಲ್ಲಿ ಆಡಿ 1-2ರಿಂದ ಸೋತು ಬಂದರು. ಇಷ್ಟೆಲ್ಲ ನನ್ನ ರಾಜ್ಯದ ಸಂಗತಿಯನ್ನು ನಾನು ತಿಳಿದದ್ದು ಪಂಜಾಬಿನಲ್ಲಿ ಕೂತು, ಬಂಗಾಳಿಯ ಬಾಯಿಂದ. ನಮಗೆ ವಿಜಾಪುರದವರಿಗೆ ಬೆಂಗಳೂರೆಂದರೆ ವಿಧಾನಸೌಧ, ವಾರ್ಷಿಕ ಬಜೆಟ್ಟು. ದಂಡಿನ ಓಣಿಗಳಲ್ಲಿ ಹುಡುಗರು ಬೆಳಗೆದ್ದು ಚೆಂಡು ಒದೆಯುತ್ತಾರೆಂಬುದು ಯಾರಿಗೆ ಗೊತ್ತಿತ್ತು?

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ಕ್ಕೆ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಕಲಿತು, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದ. ಫಗವಾಡಾಕ್ಕೆ ಬಂದದ್ದು 1995ರಲ್ಲಿ. ಅಲ್ಲಿದ್ದ ಎರಡು ವರ್ಷ ಆ ಗಿರಣಿ ತಂಡ ಟ್ರೋಫಿ ಮೇಲೆ ಟ್ರೋಫಿ ಬಾಚಿಕೊಂಡಿತು. ದೇಶದಲ್ಲಿ ಮೊದಲ ಸಲ ರಾಷ್ಟ್ರೀಯ ಲೀಗ್ ನಡೆದದ್ದು 1996-97ರಲ್ಲಿ, ಗೆದ್ದವರೂ ಇವರೇ. ಪತ್ರಿಕೆಗಳಲ್ಲಿ ಫೋಟೋ ಬಂದದ್ದು ಹೆಚ್ಚಾಗಿ ಮುಂದಿನ ಇಬ್ಬರದು. ಅದರಲ್ಲಿ ತಪ್ಪೇನೂ ಇಲ್ಲ. ಗೋಲು ಹೊಡೆದವನ ಫೋಟೋ ಹಾಕದೆ ಮತ್ತಾರದು ಹಾಕಬೇಕು? ಆದರೂ ದಾದಾ ಪೇಪರು ಮಡಚುತ್ತ 'ಮೂರನೆಯವನೆಲ್ಲಿ?' ಎಂದು ಗೊಣಗುತ್ತಿದ್ದ. ಆ ಅಭ್ಯಾಸ ನನಗೂ ಅಂಟಿದೆ. ಈಗಲೂ ಪಂದ್ಯ ನೋಡುವಾಗ ಗೋಲಿನ ಹಿಂದಿನ ಒದೆತ ಯಾರದೆಂದು ಹುಡುಕುತ್ತೇನೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಜೆಸಿಟಿಯಿಂದ ಚಾಪ್‌ಮನ್ ಎಫ್‌ಸಿ ಕೊಚ್ಚಿನ್‌ಗೆ ಹೋದ, 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. ಆ ತಂಡ 2000-01ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಇವನೇ. ಭಾರತ ತಂಡದಲ್ಲೂ ಆಡಿದ, ನಾಯಕನೂ ಆದ, 1997ರಲ್ಲಿ ಸ್ಯಾಫ್ ಕಪ್ ಗೆದ್ದ ತಂಡದಲ್ಲಿದ್ದ. 2001ಕ್ಕೆ ಆಟ ಬಿಟ್ಟ.

ಮೂವತ್ತಕ್ಕೆ ಆಟ ಬಿಟ್ಟವನು ಏನು ಮಾಡಬೇಕು? ಮರುವರ್ಷವೇ ಚಾಪ್‌ಮನ್ ತಾನು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ಹೋದ. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತಾದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದಿಲ್ಲಿಯ ಸುದೇವ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಹೆಸರು ಓದಿದರೆ ರೈಲು ನಿಲ್ದಾಣಗಳ ಪಟ್ಟಿ. ಹೆಚ್ಚಿನವು ಹೆಸರಾಂತ ಕ್ಲಬ್ಬುಗಳಲ್ಲ, ಕೆಳ ಹಂತದಿಂದ ಮೇಲೇಳಲು ಹೆಣಗುತ್ತಿದ್ದವು, ಹುಡುಗರನ್ನು ತಯಾರು ಮಾಡುತ್ತಿದ್ದವು. ಅವನು ಆಡಿದ ಕೆಲವು ತಂಡಗಳಿಗೂ ನೆಲೆ ಇರಲಿಲ್ಲ ಅನ್ನಿ. ಕೊಚ್ಚಿನ್ ಕೆಲವೇ ವರ್ಷಕ್ಕೆ ಬಾಗಿಲು ಹಾಕಿತು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡವನ್ನು 2011ರಲ್ಲಿ ಮುಚ್ಚಿದರು. ನಮ್ಮಲ್ಲಿ ಸಕ್ಕರೆ ಕಾರ್ಖಾನೆ ನಿಂತರೆ ರೈತರು ರಸ್ತೆಗೆ ಬರುತ್ತಾರೆ. ಫುಟ್‌ಬಾಲ್ ತಂಡ ನಿಂತರೆ ರಸ್ತೆಗೆ ಬರಲೂ ಜನ ಇರುವುದಿಲ್ಲ.

2020ರ ಅಕ್ಟೋಬರ್ 12. ಕೊರೊನಾ ಕಾಲ, ಶಾಲೆಗಳು ಮುಚ್ಚಿದ್ದವು, ಇಂಡಿಯ ಮಕ್ಕಳು ನಮ್ಮಲ್ಲೇ ಇದ್ದರು. ದಾದಾನ ಫೋನು ಬಂತು. ಸೇವೆ ಮುಗಿದ ಮೇಲೆ ನಾವು ದಸರೆಗೊಮ್ಮೆ, ಹೊಸ ವರ್ಷಕ್ಕೊಮ್ಮೆ ಮಾತಾಡುವವರು, ದಸರೆ ಇನ್ನೂ ಇತ್ತು. 'ನಿಮ್ಮ ಹುಡುಗ ಹೋದ' ಅಂದ. ಬೆಂಗಳೂರಿನಲ್ಲಿ, ಹೃದಯಾಘಾತ. ವಯಸ್ಸು ನಲವತ್ತೊಂಬತ್ತು. ಅತ್ತ ಟಿವಿಯಲ್ಲಿ ವಿಜಯನ್ ಅಳುತ್ತ ಮಾತಾಡಿದನೆಂದು ದಾದಾ ಹೇಳಿದ. ಆಮೇಲೆ ತಾನೇ ಸುಧಾರಿಸಿಕೊಂಡು ಆ 6-2ರ ಪಂದ್ಯವನ್ನು ಮೊದಲಿಂದ ಶುರು ಮಾಡಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಟ್ರಂಕು ಇರಲಿಲ್ಲ ಅಷ್ಟೇ.

2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮುಂಚೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು, 1968-69. ಈ ಸಲದ ಗೆಲುವಿಗೆ ಫೋನು ಮಾಡಿದವನು ನಾನು. 'ಚಾಪ್‌ಮನ್ ಇರಬೇಕಿತ್ತು' ಅಂದೆ. ದಾದಾ ಅಂದ, 'ಬಂಗಾಳ ಗೆದ್ದಿದ್ದರೂ ಇರಬೇಕಿತ್ತು.'

ಕತೆ ಇಲ್ಲಿಗೆ ಬಂದಾಗ ಹೋದ ವರ್ಷ ಇಂಡಿಯ ಹುಡುಗಿ ಎದ್ದು ನಿಂತಳು. ಅವಳ ಶಾಲೆಯಲ್ಲಿ ಈಗ ಫುಟ್‌ಬಾಲ್ ಇದೆ. ಮರುದಿನ ಬೆಳಿಗ್ಗೆ ಮಸಾರಿ ಹೊಲದಲ್ಲಿ ಆಡೋಣ, ಯಾರ್‍ಯಾರು ಎಲ್ಲಿ ನಿಲ್ಲುತ್ತೀರಿ ಹೇಳಿ ಅಂದಳು. ಸಿಂದಗಿಯವನು ವಿಜಯನ್ ಆದ. ಬಾಗೇವಾಡಿಯಿಂದ ಬಂದಿದ್ದ ಇಬ್ಬರು ಹುಡುಗರೂ ಭುಟಿಯಾ ಆದರು.

'ಮತ್ತ ನಡುವಿನಾಂವ ಯಾರು?'

ಯಾರೂ ಕೈ ಎತ್ತಲಿಲ್ಲ. 'ಮುತ್ಯಾನ ಆಗಲಿ ಬಿಡು, ಓಡೂದಿಲ್ಲ, ಬರೇ ಪಾಸ್ ಕೊಡ್ತಾನ' ಎಂದ ಸಿಂದಗಿಯವನು. ಓಡದೆ ನಡುವೆ ಆಡಲಿಕ್ಕಾಗುವುದಿಲ್ಲ, ಎಲ್ಲರಿಗಿಂತ ಹೆಚ್ಚು ಓಡಬೇಕಾದವನೇ ಅವನು ಎಂದು ಹೇಳಹೊರಟೆ. ಅಷ್ಟರಲ್ಲಿ ಅವರು ಗೋಲಿಯಾಗಿ ಯಾರು ನಿಲ್ಲಬೇಕೆಂಬ ಜಗಳಕ್ಕೆ ಬಿದ್ದಿದ್ದರು.